ಮುಂಜಾನೆಯ ಮೆತ್ತನೆ ಬೆಲ್ಲ: ಗಾಣದ ಥರ್ಮೊಕಪಲ್ ರಿಪೇರಿ

“ಮುಂಜಾನಿ ಮೊದಲನೇ ಕೊಪ್ಪರಿಗಿ ಮೆತ್ತಗ ಬೀಳತೈತಿ ತಮ್ಮಾ, ಪೆಂಟಿ ಕಟ್ಟಾಕ ಬರೂದಿಲ್ಲ. ಮಧ್ಯಾಹ್ನದ್ದು ಬರೋಬರಿ ಬರತೈತಿ. ಮಿಷನ್ ಎರಡಕ್ಕೂ ನೂರಾ ಹದಿನಾರೇ ತೋರಸ್ತೈತಿ.”

ಮುಧೋಳದ ಹತ್ತಿರ ನಮ್ಮ ಮಾವನವರ ಬೆಲ್ಲದ ಗಾಣ ಇದೆ. ಅಲ್ಲಿ ಹದ ನೋಡುವ ಕಾಕಾ ಫೋನಿನಲ್ಲಿ ಹೇಳಿದ್ದು ಇಷ್ಟೇ, ಆದರೆ ರಿಪೇರಿ ಮಾಡುವವನಿಗೆ ಇಷ್ಟು ಸಾಕು. ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಹೀಟ್ ಟ್ರೀಟ್‌ಮೆಂಟ್ ಶಾಪೊಂದರಲ್ಲಿ ಭಟ್ಟಿಗಳ ಮೀಟರು, ಪ್ರೋಬು ನೋಡಿಕೊಳ್ಳುವವ. ಥರ್ಮೊಕಪಲ್ ಅಂದರೆ ಎರಡು ಬೇರೆ ಲೋಹದ ತಂತಿಗಳನ್ನು ತುದಿಯಲ್ಲಿ ಬೆಸೆದು ಉಷ್ಣತೆ ಅಳೆಯುವ ಸಾಧನ. ಅದು ತುಂಡಾಗಿದ್ದರೆ ಮುಂಜಾನೆ, ಮಧ್ಯಾಹ್ನ ಎಂಬ ಭೇದ ಇರುವುದಿಲ್ಲ. ಗಡಿಯಾರ ನೋಡಿ ಬರುವ ದೋಷ ಅಂದರೆ, ಪಾಕದ ಉಷ್ಣತೆಯ ಜೊತೆ ಇನ್ನಾವುದೋ ಜಾಗದ ಉಷ್ಣತೆಯೂ ಲೆಕ್ಕದೊಳಗೆ ನುಸುಳಿದೆ ಎಂದು ಅರ್ಥ.

ಗಾಣದಲ್ಲಿ ಇದ್ದ ವ್ಯವಸ್ಥೆ ಹೀಗಿತ್ತು. ಕೊಪ್ಪರಿಗೆಯ ಕಂಠಕ್ಕೆ ಕ್ಲ್ಯಾಂಪ್ ಹಾಕಿ ಇಳಿಬಿಟ್ಟ 8 ಮಿಮೀ ದಪ್ಪದ ಕೆ ಟೈಪ್ (ಕ್ರೋಮೆಲ್, ಅಲುಮೆಲ್ ಎಂಬ ಮಿಶ್ರಲೋಹಗಳ ಜೋಡಿ) ಪ್ರೋಬ್, ಅಂದರೆ ಕೊಳವೆಯೊಳಗೆ ಕೂರಿಸಿದ ಥರ್ಮೊಕಪಲ್. ಅದರ ಹೆಡ್, ಅಂದರೆ ವಯರ್ ಕಟ್ಟುವ ಅಲ್ಯೂಮಿನಿಯಂ ಡಬ್ಬಿ, ನೇರವಾಗಿ ಒಲೆಯ ಗೋಡೆಯ ಮೇಲೆ. ಅಲ್ಲಿಂದ ಏಳೆಂಟು ಮೀಟರ್ ವಯರ್ ಹೋಗಿ ಕಂಬದ ಮೇಲಿನ ಪ್ಯಾನೆಲ್ ಸೇರುತ್ತದೆ. ಪ್ಯಾನೆಲ್‌ನಲ್ಲಿ ಉಷ್ಣತೆ ತೋರಿಸುವ ಮಾಮೂಲಿ ಡಿಜಿಟಲ್ ಕಂಟ್ರೋಲರ್. ಹಿಂದಿನ ಹಂಗಾಮಿನಲ್ಲಿ ಯಾರೋ ಕೂರಿಸಿಕೊಟ್ಟು ಹೋದದ್ದು.

ಮೊದಲು ಪ್ರೋಬ್ ಬದುಕಿದೆಯೇ ಎಂದು ನೋಡಿದೆ. ಹೆಡ್ ಬಿಚ್ಚಿ, ವಯರ್ ಕಳಚಿ, ತುದಿಯನ್ನು ಬುಳುಬುಳು ಕುದಿಯುವ ನೀರಿನ ಪಾತೇಲಿಯಲ್ಲಿ ಇಳಿಸಿ, ಹೆಡ್‌ನ ಎರಡು ಸ್ಕ್ರೂಗಳಿಗೆ ಮಲ್ಟಿಮೀಟರ್ ಹಿಡಿದೆ: 2.82 ಮಿಲಿವೋಲ್ಟ್. ಆಗ ಹೆಡ್‌ನ ಉಷ್ಣತೆ 30 ಡಿಗ್ರಿ. ಕೆ ಟೈಪ್ ಕೋಷ್ಟಕದಲ್ಲಿ 30 ಡಿಗ್ರಿಗೆ 1.203 ಮಿಲಿವೋಲ್ಟ್. ಎರಡನ್ನೂ ಕೂಡಿದರೆ (ಯಾಕೆ ಕೂಡಬೇಕೆಂದು ಮುಂದೆ ಹೇಳುತ್ತೇನೆ) 4.02, ಕೋಷ್ಟಕದಲ್ಲಿ ಅದು 98 ಡಿಗ್ರಿಗೆ ಹತ್ತಿರ. ಮುಧೋಳದ ಸುತ್ತ ನೀರು ಕುದಿಯುವುದೂ ಅಲ್ಲೇ. ಪ್ರೋಬ್ ಪಾಸು. (ಈ ಕೆಲಸಕ್ಕೆ 0.01 ಮಿಲಿವೋಲ್ಟ್ ತೋರಿಸುವ ಮೀಟರೇ ಬೇಕು. ಕೆ ಟೈಪ್‌ನಲ್ಲಿ ಒಂದು ಡಿಗ್ರಿಗೆ ಸಿಗುವುದು ಸುಮಾರು 41 ಮೈಕ್ರೊವೋಲ್ಟ್. 0.1 ಮಿಲಿವೋಲ್ಟ್‌ಗೆ ನಿಲ್ಲುವ ಅಗ್ಗದ ಮೀಟರು ಎರಡೂವರೆ ಡಿಗ್ರಿಯನ್ನು ಹಾಗೇ ನುಂಗುತ್ತದೆ.)

ಆಮೇಲೆ ವಯರ್. ತುದಿ ಸುಲಿದು ನೋಡಿದರೆ ಎರಡೂ ಎಳೆ ಕೆಂಪು ತಾಮ್ರ. ಫ್ಯಾನಿಗೆ, ಬಲ್ಬಿಗೆ ಎಳೆಯುವ ಎರಡು ಕೋರಿನ ವಯರ್!

ತಾಮ್ರ ಯಾಕೆ ಆಗದು?

“ಥರ್ಮೊಕಪಲ್‌ನ ತುದಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ” ಎಂದು ಐಟಿಐಯಲ್ಲಿ ಕಲಿಸುತ್ತಾರೆ, ನಾವೂ ಹಾಗೇ ಬಾಯಿಪಾಠ ಮಾಡಿದ್ದೇವೆ. ಅದು ಸರಿಯಲ್ಲ. ವೋಲ್ಟೇಜ್ ಹುಟ್ಟುವುದು ತಂತಿಯ ಉದ್ದಕ್ಕೂ, ಎಲ್ಲೆಲ್ಲಿ ಬಿಸಿಯಿಂದ ತಂಪಿಗೆ ಇಳಿಜಾರು ಇದೆಯೋ ಅಲ್ಲಲ್ಲಿ. ತುದಿಯ ಬೆಸುಗೆ ಎರಡು ಲೋಹಗಳನ್ನು ಕೂಡಿಸುತ್ತದೆ, ಅಷ್ಟೇ. ಆದ್ದರಿಂದ ಮೀಟರಿಗೆ ತಲುಪುವುದು ತುದಿಯ ಉಷ್ಣತೆಯಲ್ಲ, ತುದಿಗೂ ಇನ್ನೊಂದು ಕೊನೆಗೂ ಇರುವ ಅಂತರ. ಬಾವಿಗೆ ಹಗ್ಗ ಬಿಟ್ಟು ಅಳೆದರೆ ದಂಡೆಯಿಂದ ನೀರು ಎಷ್ಟು ಕೆಳಗಿದೆ ಎಂದು ತಿಳಿದೀತು, ದಂಡೆ ಎಷ್ಟು ಎತ್ತರದಲ್ಲಿದೆ ಎಂದು ತಿಳಿಯದು. ಅದನ್ನು ಬೇರೆಯಾಗಿ ಅಳೆದು ಕೂಡಿಸಬೇಕು. ಕಂಟ್ರೋಲರ್ ತನ್ನ ಟರ್ಮಿನಲ್ ಹತ್ತಿರ ಚಿಕ್ಕ ಸೆನ್ಸರ್ ಇಟ್ಟುಕೊಂಡು ಇದನ್ನೇ ಮಾಡುತ್ತದೆ. ಇದಕ್ಕೆ ಕೋಲ್ಡ್ ಜಂಕ್ಷನ್ ಕಾಂಪೆನ್ಸೇಷನ್ ಎನ್ನುತ್ತಾರೆ.

ಕೆ ಟೈಪ್ ಲೋಹದ ಜೋಡಿ ಕಂಟ್ರೋಲರ್‌ವರೆಗೂ ಬಂದರೆ ಮಾತ್ರ ಈ ಲೆಕ್ಕ ಕೂಡುತ್ತದೆ. ನಡುವೆ ಹೆಡ್‌ನಲ್ಲೇ ಕ್ರೋಮೆಲ್, ಅಲುಮೆಲ್ ನಿಂತು ಎರಡೂ ಕಡೆ ತಾಮ್ರ ಶುರುವಾದರೆ, ಹೆಡ್‌ನಿಂದ ಪ್ಯಾನೆಲ್‌ವರೆಗಿನ ಇಳಿಜಾರಿಗೆ ವೋಲ್ಟೇಜ್ ಸೊನ್ನೆ. ಎರಡು ಎಳೆಯೂ ಒಂದೇ ಲೋಹವಾದ್ದರಿಂದ ಒಂದರಲ್ಲಿ ಹುಟ್ಟಿದ್ದನ್ನು ಇನ್ನೊಂದು ತಿಂದುಹಾಕುತ್ತದೆ. ಹೆಡ್ ಪ್ಯಾನೆಲ್‌ಗಿಂತ ಎಷ್ಟು ಬಿಸಿಯೋ ಅಷ್ಟು ಡಿಗ್ರಿ ಖೋತಾ.

ಅಳೆದು ನೋಡಿದೆ. ಮಧ್ಯಾಹ್ನ ಒಲೆ ಭರ್ತಿ ಉರಿಯುವಾಗ ಹೆಡ್ 64 ಡಿಗ್ರಿ, ಪ್ಯಾನೆಲ್ ಒಳಗೆ 37. ಖೋತಾ 27. ಚಳಿಗಾಲದ ಮುಂಜಾನೆ ಮೊದಲ ಕೊಪ್ಪರಿಗೆ ಇಳಿಸುವ ಹೊತ್ತಿಗೆ ಹೆಡ್ 40, ಪ್ಯಾನೆಲ್ 19. ಖೋತಾ 21. ಈಗ ಕಂಟ್ರೋಲರ್‌ನ ಸೆಟ್ಟಿಂಗ್ ಒಳಗೆ ಹೋಗಿ ನೋಡಿದರೆ ಆಫ್‌ಸೆಟ್, ಅಂದರೆ ಅಳತೆಗೆ ಕೈಯಾರೆ ಕೂಡಿಸುವ ಅಂಕಿ, +27 ಎಂದು ಕೂತಿದೆ! ಕೂರಿಸಿದವರು ಮಧ್ಯಾಹ್ನ ಬಂದಿದ್ದಾರೆ, ಲೆಕ್ಕ ಕಡಿಮೆ ಬಿದ್ದದ್ದನ್ನು ಕಂಡಿದ್ದಾರೆ, ಬಟನ್ ಒತ್ತಿ ಸರಿಮಾಡಿ ಹೋಗಿದ್ದಾರೆ. ಮಧ್ಯಾಹ್ನದ ಮಟ್ಟಿಗೆ ಅದು ಸರಿಯೇ. ಮುಂಜಾನೆ ಮಾತ್ರ ಬೋರ್ಡ್ 116 ತೋರಿಸುವಾಗ ಪಾಕ ಇನ್ನೂ 110ರಲ್ಲಿ ಇರುತ್ತದೆ. ಆರು ಡಿಗ್ರಿ ಮೊದಲೇ ಇಳಿಸಿದರೆ ಪಾಕದಲ್ಲಿ ನೀರು ಉಳಿದು ಬೆಲ್ಲ ಮೆತ್ತಗಾಗದೆ ಇನ್ನೇನಾದೀತು.

ನನ್ನ ಅಭಿಪ್ರಾಯ ಕೇಳಿದರೆ, ಥರ್ಮೊಕಪಲ್ ಕಂಟ್ರೋಲರ್‌ನಲ್ಲಿ ಎರಡು ಮೂರು ಡಿಗ್ರಿಗಿಂತ ಹೆಚ್ಚಿನ ಆಫ್‌ಸೆಟ್ ಕಂಡರೆ ಅದನ್ನು ಸೊನ್ನೆ ಮಾಡಿ, ವಯರ್ ಹಿಡಿದುಕೊಂಡು ಹೋಗಿ ಹುಡುಕಬೇಕು. ದೋಷ ಖಂಡಿತ ದಾರಿಯಲ್ಲಿ ಸಿಗುತ್ತದೆ.

ಬಣ್ಣದ ಗೊಂದಲ

ತಾಮ್ರ ಕಿತ್ತು ಕೆಎಕ್ಸ್ ಕೇಬಲ್, ಅಂದರೆ ಕೆ ಟೈಪ್‌ಗೆಂದೇ ಮಾಡಿದ ಎಕ್ಸ್‌ಟೆನ್ಷನ್ ಕೇಬಲ್ ಎಳೆದೆ. ಒಲೆಯ ಹತ್ತಿರ ಪಿವಿಸಿ ಹೊದಿಕೆ ಮೆತ್ತಗಾಗುವುದರಿಂದ ಗಾಜಿನ ನೂಲು ಹೆಣೆದದ್ದನ್ನೇ ತಂದೆ.

ಇಲ್ಲಿ ಬಣ್ಣದ ಬಗ್ಗೆ ಎಚ್ಚರ. ಅಮೆರಿಕದ ಪದ್ಧತಿಯಲ್ಲಿ ಕೆ ಟೈಪ್‌ಗೆ ಹಳದಿ ಪ್ಲಸ್, ಕೆಂಪು ಮೈನಸ್. ಅಂತರರಾಷ್ಟ್ರೀಯ ಐಇಸಿ ಪದ್ಧತಿಯಲ್ಲಿ ಹಸಿರು ಪ್ಲಸ್, ಬಿಳಿ ಮೈನಸ್. ಬ್ಯಾಟರಿ ಕೆಲಸ ಮಾಡಿದ ಕೈಗೆ ಕೆಂಪು ಅಂದರೆ ಪ್ಲಸ್, ಹಾಗಾಗಿ ಹಳದಿ-ಕೆಂಪು ಕೇಬಲ್ ಸಿಕ್ಕರೆ ಉಲ್ಟಾ ಕಟ್ಟುವವರೇ ಹೆಚ್ಚು. ಒಂದು ಕಡೆ ಮಾತ್ರ ಉಲ್ಟಾ ಆದರೆ ಬಿಸಿ ಮಾಡಿದಂತೆ ಲೆಕ್ಕ ಇಳಿಯುತ್ತದೆ, ಅಲ್ಲೇ ಸಿಕ್ಕಿಬೀಳುತ್ತದೆ. ಹೆಡ್‌ನಲ್ಲೂ ಪ್ಯಾನೆಲ್‌ನಲ್ಲೂ ಎರಡೂ ಕಡೆ ಉಲ್ಟಾ ಆದರೆ ಕಷ್ಟ: ಲೆಕ್ಕ ಏರಬೇಕಾದಾಗ ಏರುತ್ತದೆ, ಇಳಿಯಬೇಕಾದಾಗ ಇಳಿಯುತ್ತದೆ, ಎಲ್ಲ ಸರಿ ಇದ್ದಂತೆಯೇ ಕಾಣುತ್ತದೆ. ಆದರೆ ಹೆಡ್-ಪ್ಯಾನೆಲ್ ಅಂತರದ ಎರಡು ಪಟ್ಟು ಖೋತಾ. ತಾಮ್ರದ ವಯರ್‌ಗಿಂತ ಕೆಟ್ಟದ್ದು ಅದು.

ಬಣ್ಣ ನಂಬುವ ಬದಲು ಅಯಸ್ಕಾಂತ ನಂಬಿ. ಕೆ ಟೈಪ್‌ನ ಮೈನಸ್ ಎಳೆ ಅಲುಮೆಲ್, ಅದಕ್ಕೆ ಅಯಸ್ಕಾಂತ ಅಂಟುತ್ತದೆ. ಪ್ಲಸ್ ಎಳೆ ಕ್ರೋಮೆಲ್‌ಗೆ ಅಂಟುವುದಿಲ್ಲ. ಹಳೆ ಸ್ಪೀಕರ್‌ನಿಂದ ಕಿತ್ತ ಚೂರೊಂದು ನನ್ನ ಟೂಲ್ ಬಾಕ್ಸ್‌ನಲ್ಲಿ ಇದೇ ಕೆಲಸಕ್ಕೆ ಇರುತ್ತದೆ. ಸುಲಿದ ಎಳೆಯ ತುದಿಯನ್ನು ಅದರ ಹತ್ತಿರ ತಂದರೆ ಅಲುಮೆಲ್ ಮೆಲ್ಲಗೆ ಬಾಗಿ ಬಂದು ಕೂರುತ್ತದೆ.

ಕೇಬಲ್ ಬದಲಾಯಿಸಿ ಆಫ್‌ಸೆಟ್ ಸೊನ್ನೆ ಮಾಡಿದ ಮೇಲೆ ಮುಂಜಾನೆ-ಮಧ್ಯಾಹ್ನದ ಜಗಳ ಮುಗಿಯಿತು. ಇನ್ನೊಂದು ಜಗಳ ಉಳಿದಿತ್ತು. ಕಬ್ಬಿನ ಹಾಲು ತುಂಬಿದಾಗ ಕೊಪ್ಪರಿಗೆ ಕಂಠಮಟ್ಟ, ಪಾಕ ಆಗುವ ಹೊತ್ತಿಗೆ ತಳದಲ್ಲಿ ಒಂದಿಷ್ಟು. ಕಂಠಕ್ಕೆ ಬಿಗಿದ ಪ್ರೋಬ್ ಕೊನೆಗೆ ನೊರೆಯಲ್ಲಿ ಮುಖ ತೊಳೆಯುತ್ತಿರುತ್ತದೆ. ದ್ರವದಲ್ಲಿ ಪ್ರೋಬ್ ತನ್ನ ದಪ್ಪದ ಹತ್ತು ಪಟ್ಟಾದರೂ ಮುಳುಗಬೇಕು ಎಂಬುದು ನಮ್ಮ ಕೆಲಸದ ಲೆಕ್ಕ. 8 ಮಿಮೀ ಪ್ರೋಬ್‌ಗೆ 80 ಮಿಮೀ ಬೇಕು. ಅಷ್ಟು ಸಿಗದಿದ್ದರೆ ಉಕ್ಕಿನ ಕೊಳವೆ ತುದಿಯ ಬಿಸಿಯನ್ನು ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. ಸ್ವಲ್ಪ ಕಡಿಮೆ ಹಾಲು ಹಾಕಿದ ಕೊಪ್ಪರಿಗೆಗೆ ಎರಡು ಮೂರು ಡಿಗ್ರಿ ಕಡಿಮೆ ತೋರಿಸುತ್ತಿತ್ತು. ಹಾಗಂತ ಪ್ರೋಬ್ ಉದ್ದ ಮಾಡಿ ತಳಕ್ಕೆ ತಾಗಿಸಿದರೆ ಅದು ಪಾಕವನ್ನಲ್ಲ, ಬೆಂಕಿ ತಿನ್ನುವ ತಗಡನ್ನು ಅಳೆಯುತ್ತದೆ.

ಕೈಕೋಲು ಕಟ್ಟಿದ್ದು

ಆದ್ದರಿಂದ ಕೈಯಲ್ಲಿ ಹಿಡಿದು ಅದ್ದುವ ಕೋಲು ಮಾಡಿದೆ. ತುದಿಗೆ 3 ಮಿಮೀ ದಪ್ಪದ, ಸ್ಟೇನ್‌ಲೆಸ್ ಹೊದಿಕೆಯೊಳಗೆ ಖನಿಜದ ಪುಡಿ ತುಂಬಿದ ಟಿ ಟೈಪ್ ಪ್ರೋಬ್. ಇದಕ್ಕೆ 30 ಮಿಮೀ ಮುಳುಗಿದರೆ ಸಾಕು. ಹಿಡಿಗೆ ಹಳೆ ಸಲಿಕೆಯ ಕಾವು. ನಡುವೆ ಸ್ಟೇನ್‌ಲೆಸ್ ಪೈಪು, ಅದರೊಳಗಿಂದ ಪ್ರೋಬ್. ಪೈಪಿನ ಬುಡಕ್ಕೆ ಮೂರು ಚಿಕ್ಕ ಸರಳು ವೆಲ್ಡ್ ಮಾಡಿಸಿ, ಪ್ರೋಬ್‌ನ ಮೂಗು ತಳದಿಂದ 25 ಮಿಮೀ ಮೇಲೆಯೇ ನಿಲ್ಲುವಂತೆ ಮಾಡಿದೆ. ಕಾಕಾ ಎಷ್ಟು ಒತ್ತಿ ಇಟ್ಟರೂ ತಗಡು ತಾಗುವುದಿಲ್ಲ. ಪ್ರೋಬ್ ಮುಗಿದು ಕೇಬಲ್ ಶುರುವಾಗುವ ಗಂಟಿನಲ್ಲಿ ಎಪಾಕ್ಸಿ ಇರುತ್ತದೆ. ಅದಕ್ಕೆ ಹಬೆ ತಾಗಬಾರದೆಂದು ಹಿಡಿಯ ಒಳಗೇ ಅಡಗಿಸಿದೆ.

ಕೆ ಬಿಟ್ಟು ಟಿ ಯಾಕೆ? ಐಇಸಿ ಮಾನಕದ ಪ್ರಕಾರ ಈ ಉಷ್ಣತೆಯಲ್ಲಿ ಕ್ಲಾಸ್ 1 (ಹೆಚ್ಚು ನಿಖರ ದರ್ಜೆಯ) ಕೆ ಟೈಪ್‌ಗೆ ±1.5 ಡಿಗ್ರಿ ತಪ್ಪಿನ ರಿಯಾಯಿತಿ, ಟಿ ಟೈಪ್‌ಗೆ ±0.5 ಮಾತ್ರ. ಟಿಯಲ್ಲಿ ಒಂದು ಎಳೆ ತಾಮ್ರ, ಇನ್ನೊಂದು ಕಾನ್‌ಸ್ಟಂಟನ್. 350 ಡಿಗ್ರಿ ದಾಟಿದರೆ ಅದು ಬೇಡ, ಪಾಕಕ್ಕೆ ಧಾರಾಳ. “ಹಾಗಿದ್ದರೆ ಪಿಟಿ100 (ಪ್ಲಾಟಿನಂನ ರೋಧ ನೋಡಿ ಉಷ್ಣತೆ ಅಳೆಯುವ ಸೆನ್ಸರ್) ಯಾಕಲ್ಲ?” ಎಂದು ಈ ಕೆಲಸ ಬಲ್ಲವರು ಕೇಳುತ್ತಾರೆ. ಪ್ರಶ್ನೆ ಸರಿ. ಒಂದೇ ಕಡೆ ನಿಲ್ಲಿಸಿ ಅಳೆಯುವುದಾದರೆ ಪಿಟಿ100 ಇನ್ನೂ ನಿಖರ. ಆದರೆ ಈ ಕೋಲು ದಿನವಿಡೀ ಕೊಪ್ಪರಿಗೆಯ ಅಂಚಿಗೆ ಬಡಿಯುತ್ತದೆ, ನೆಲಕ್ಕೆ ಬೀಳುತ್ತದೆ, ಬಿಸಿ ಪಾಕದಿಂದ ತಣ್ಣೀರಿಗೆ ಅದ್ದಿಸಿಕೊಳ್ಳುತ್ತದೆ. ಎರಡು ತಂತಿಯ ಬೆಸುಗೆ ಅದನ್ನೆಲ್ಲ ತಡೆಯುತ್ತದೆ, ಸೆರಾಮಿಕ್ ಮೇಲಿನ ಪ್ಲಾಟಿನಂ ತಡೆಯುತ್ತದೆಂಬ ಭರವಸೆ ನನಗಿಲ್ಲ. ಬೆಳಗಾವಿ ಪೇಟೆಯಲ್ಲಿ ಕೆ ಕೇಳಿದ ಕೂಡಲೇ ಸಿಗುತ್ತದೆ, ಟಿ ಹೇಳಿ ತರಿಸಬೇಕಾಯಿತು.

ಕೋಲಿನ ಕೇಬಲ್ ಸೇರುವ ಬಾಕ್ಸ್ ಒಳಗೆ ಥರ್ಮೊಕಪಲ್‌ನ ವೋಲ್ಟೇಜನ್ನು ಡಿಗ್ರಿಗೆ ಬದಲಿಸುವ ಮ್ಯಾಕ್ಸ್31856 ಚಿಪ್‌ನ ಬೋರ್ಡು, ಕೋಡ್ ಓಡಿಸುವ ಇಎಸ್‌ಪಿ32 ಬೋರ್ಡು, ಹೊರಗೆ ದೊಡ್ಡ ಕೆಂಪು ಅಂಕಿಗಳ ಡಿಸ್‌ಪ್ಲೇ. ಹಬೆಯಲ್ಲಿ ಎಲ್‌ಸಿಡಿ ಯಾರ ಕಣ್ಣಿಗೂ ಕಾಣುವುದಿಲ್ಲ. ಚಿಕ್ಕ ಪ್ರಯೋಗಗಳಿಗೆ ಎಲ್ಲರೂ ಕೊಳ್ಳುವ ಮ್ಯಾಕ್ಸ್6675 ಇಲ್ಲಿ ನಡೆಯದು; ಅದು ಕೆ ಟೈಪ್‌ಗೆ ಮಾತ್ರ, ಅದರ ಹೆಜ್ಜೆಯೂ ಕಾಲು ಡಿಗ್ರಿ. 31856 ಕೆ, ಟಿ ಸೇರಿ ಎಂಟು ಟೈಪ್‌ಗಳ ವಕ್ರರೇಖೆಯನ್ನೂ ತಾನೇ ನೋಡಿಕೊಳ್ಳುತ್ತದೆ. ಆದರೆ ಕೋಡ್ ಬರೆಯುವಾಗ ಎರಡು ವಿಷಯ ಮರೆಯಬಾರದು. ಚಿಪ್ ಆನ್ ಆದಾಗ ತನ್ನ ಪಾಡಿಗೆ ಕೆ ಟೈಪ್ ಎಂದೇ ತಿಳಿದಿರುತ್ತದೆ, ಟಿಗೆ ಬದಲಿಸಬೇಕು. ಕರೆಂಟಿನ ಗದ್ದಲ ಸೋಸುವ ಫಿಲ್ಟರ್ 60 ಹರ್ಟ್ಜ್‌ನಲ್ಲಿರುತ್ತದೆ. ನಮ್ಮ ಲೈನು 50. ಅದನ್ನು ಬದಲಿಸುವುದೂ ಸತತ ಅಳತೆ ಶುರು ಮಾಡುವ ಮೊದಲೇ ಆಗಬೇಕು.

ಗಾಣದ ಮೋಟರು ಶುರುವಾದಾಗ ಹಳೆ ಬೋರ್ಡಿನ ಅಂಕಿಗಳು ಕುಣಿಯುತ್ತಿದ್ದವು. ಹೊಸದು ಕುಣಿಯಲಿಲ್ಲ. ಫಿಲ್ಟರ್‌ಗಿಂತ ಹೆಚ್ಚು ಉಪಕಾರ ಮಾಡಿದ್ದು ಬೇರೆ ಎರಡು: ಬೆಸುಗೆ ಹೊದಿಕೆಗೆ ತಾಗದ ಪ್ರೋಬ್ ಆರಿಸಿದ್ದು, ಬಾಕ್ಸ್‌ಗೆ ಕರೆಂಟಿನ ಬದಲು ಪವರ್ ಬ್ಯಾಂಕ್ ಕೊಟ್ಟದ್ದು. ಕೊಪ್ಪರಿಗೆಯ ಅರ್ತಿಂಗ್‌ಗೂ ಸರ್ಕೀಟಿಗೂ ಈಗ ಸಂಬಂಧವೇ ಇಲ್ಲ.

ಐಸಿನಲ್ಲಿ ತುದಿ, ಬಾಕ್ಸ್‌ಗೆ ಬಿಸಿಗಾಳಿ

ಇಡೀ ಕೆಲಸದಲ್ಲಿ ಎಲ್ಲರಿಗೂ ಮಾಡಿ ನೋಡಿ ಎಂದು ಹೇಳುವ ಪರೀಕ್ಷೆ ಇದೊಂದು. ಆರ್‌ಒ ನೀರಿನ ಐಸನ್ನು ಬಟ್ಟೆಯಲ್ಲಿ ಸುತ್ತಿ, ಕುಟ್ಟಿ, ಥರ್ಮಾಸ್ ತುಂಬ ತುರುಕಿ, ಸಂದು ಮುಚ್ಚುವಷ್ಟು ಮಾತ್ರ ಅದೇ ನೀರು ಹಾಕಬೇಕು. ನೀರಿನ ಮೇಲೆ ನಾಲ್ಕು ಗಡ್ಡೆ ತೇಲಿದರೆ ಪ್ರಯೋಜನವಿಲ್ಲ, ತಳದಲ್ಲಿ ನಾಲ್ಕು ಡಿಗ್ರಿಯ ನೀರು ಕೂತುಬಿಡುತ್ತದೆ. ತಳದವರೆಗೂ ಐಸ್ ಇರಬೇಕು, ಆಗಾಗ ಕಲಕಬೇಕು.

ತುದಿಯನ್ನು ಅದರಲ್ಲಿಟ್ಟು ಬಾಕ್ಸ್‌ಗೆ ಹೇರ್ ಡ್ರೈಯರ್‌ನ ಬಿಸಿಗಾಳಿ ಊದಿದೆ. ತುದಿ ಸೊನ್ನೆಯಲ್ಲಿದೆ, ಆದ್ದರಿಂದ ಲೆಕ್ಕ ಅಲುಗಬಾರದು. 1.4 ಡಿಗ್ರಿ ಅಲುಗಿತು. ಚಿಪ್ ತನ್ನ ಮೈಯ ಉಷ್ಣತೆಯನ್ನೇ ಟರ್ಮಿನಲ್‌ನ ಉಷ್ಣತೆ ಎಂದು ನಂಬುತ್ತದೆ. ಒಂದು ಬೇಗ ಕಾದು ಇನ್ನೊಂದು ತಡವಾಗಿ ಕಾದರೆ ಆ ನಂಬಿಕೆ ಸುಳ್ಳಾಗುತ್ತದೆ. ಪಕ್ಕದಲ್ಲೇ ಇಎಸ್‌ಪಿ32ರ ರೆಗ್ಯುಲೇಟರ್ ಕಾಯುತ್ತ ಕೂತಿದ್ದದ್ದೂ ಸೇರಿತ್ತು. ಇಎಸ್‌ಪಿ32ನ್ನು ಬಾಕ್ಸ್‌ನ ಆ ತುದಿಗೆ ಸರಿಸಿ, ವೈಫೈ ಆಫ್ ಮಾಡಿ, ಚಿಪ್ ಮತ್ತು ಟರ್ಮಿನಲ್ ಎರಡಕ್ಕೂ ಕೆಳಗಿನಿಂದ ಒಂದೇ ಅಲ್ಯೂಮಿನಿಯಂ ಪಟ್ಟಿ ಕೊಟ್ಟು (ನಡುವೆ ಶಾರ್ಟ್ ಆಗದಂತೆ ಥರ್ಮಲ್ ಪ್ಯಾಡ್), ಮೇಲೆ ಫೋಮ್ ಮುಚ್ಚಿದೆ. ಮತ್ತೆ ಊದಿದಾಗ 0.2ರೊಳಗೆ ನಿಂತಿತು.

ಸ್ಥಿರವಾದ ಮೇಲೆ ಐಸಿನಲ್ಲಿ 0.4 ತೋರಿಸಿತು. ಅಳತೆಯ ಮೇಲಿನ ಕೊನೆಯನ್ನು ಪರೀಕ್ಷಿಸಲು ಕುದಿವ ನೀರು. ಇಲ್ಲಿ 100 ಎಂದು ಹಿಡಿದರೆ ಕೆಲಸ ಕೆಟ್ಟಿತು. ಮುಧೋಳ ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರ. ಅಲ್ಲಿಯ ಗಾಳಿಯ ಒತ್ತಡ 949 ಹೆಕ್ಟೊಪಾಸ್ಕಲ್ ಆಸುಪಾಸು, ನೀರು ಕುದಿಯುವುದು 98.2ರಲ್ಲಿ. ಬೆಳಗಾವಿ ಸುಮಾರು 750 ಮೀಟರ್, ಅಲ್ಲಿ 97.5. ಮೊಬೈಲಿನ ಹವಾಮಾನ ಆ್ಯಪ್ ತೋರಿಸುವ ಒತ್ತಡ ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಹೊಂದಿಸಿದ್ದು, ಈ ಲೆಕ್ಕಕ್ಕೆ ಬಾರದು. ಹಾಗಾಗಿ ಬಾಕ್ಸ್‌ನಲ್ಲೇ ಒಂದು ಬಿಎಂಪಿ280 ಸೆನ್ಸರ್ ಇಟ್ಟೆ, ಇದ್ದ ಜಾಗದ ನಿಜ ಒತ್ತಡ ಅದೇ ಹೇಳುತ್ತದೆ. ಕುದಿವ ನೀರಿನಲ್ಲಿ ಕೋಲು 98.5 ತೋರಿಸಿತು. ಕೆಳಗೆ 0.4 ಹೆಚ್ಚು, ಮೇಲೆ 0.3 ಹೆಚ್ಚು. ಕೋಡ್‌ನಲ್ಲಿ 0.35 ಕಳೆದೆ. ಆಫ್‌ಸೆಟ್ ಎಂದರೆ ಇಷ್ಟಿರಬೇಕು.

ಈ ಒತ್ತಡದ ವಿಷಯ ಪಾಕಕ್ಕೂ ತಾಗುತ್ತದೆ. ಗಟ್ಟಿ ಬೆಲ್ಲಕ್ಕೆ 116ರಿಂದ 118, ಜೋನಿ ಬೆಲ್ಲಕ್ಕೆ 105ರ ಆಸುಪಾಸು ಎಂದು ಪುಸ್ತಕಗಳಲ್ಲಿರುತ್ತದೆ. ಪಾಕ ಕುದಿಯುವ ಉಷ್ಣತೆ ಅದರಲ್ಲಿ ಉಳಿದ ನೀರಿನ ಮೇಲೆ ನಿಂತಿದೆ. ನೀರು ಕಡಿಮೆಯಾದಷ್ಟೂ ಅದು ಬರೀ ನೀರಿಗಿಂತ ಮೇಲೆ ಮೇಲೆ ಕುದಿಯುತ್ತದೆ. ಬರೀ ನೀರೇ ಊರಿಂದೂರಿಗೆ ಒಂದೆರಡು ಡಿಗ್ರಿ ಬೇರೆ ಕುದಿಯುವಾಗ 118 ಎಂಬ ಒಂದೇ ಅಂಕಿ ಎಲ್ಲ ಊರಿಗೂ ಹೇಗೆ ಒಗ್ಗೀತು? ಅದಕ್ಕೇ ಡಿಸ್‌ಪ್ಲೇಯಲ್ಲಿ ಪಾಕದ ಉಷ್ಣತೆ ಬಿಟ್ಟು, ಆ ಹೊತ್ತಿಗೆ ಆ ಜಾಗದಲ್ಲಿ ನೀರು ಕುದಿಯುವ ಉಷ್ಣತೆಗಿಂತ ಎಷ್ಟು ಮೇಲಿದೆ ಎಂಬುದನ್ನು ತೋರಿಸಿದೆ.

ಎಷ್ಟು ಬಂದಾಗ ಇಳಿಸಬೇಕೆಂದು ನಾನು ಹೇಳಲು ಹೋಗಲಿಲ್ಲ. ಕಾಕಾ ಎಂದಿನಂತೆ ಪಾಕ ಎತ್ತಿ ತಣ್ಣೀರಿನ ಬೋಗುಣಿಗೆ ಬಿಟ್ಟು, ಎರಡು ಬೆರಳಲ್ಲಿ ಉಂಡೆ ಮಾಡಿ, ಉಂಡೆಯನ್ನು ಬೋಗುಣಿಯ ಅಂಚಿಗೆ ಕುಟ್ಟಿ ಸಪ್ಪಳ ಕೇಳುತ್ತಿದ್ದರು. ಅವರು “ಆತು, ಇಳಸ್ರಿ” ಅಂದಾಗಲೆಲ್ಲ ನಾನು ಅಂಕಿ ಬರೆದುಕೊಂಡೆ. 17.6ಕ್ಕೂ 18.4ಕ್ಕೂ ನಡುವೆ ಬಿಟ್ಟು ಆಚೀಚೆ ಹೋಗಲಿಲ್ಲ. ಒಂದು ಸಲ ಮಾತ್ರ 18 ದಾಟಿಸಿ ಇಳಿಸಿದರೂ ಬೆಲ್ಲ ಜಿಗುಟಾಯಿತು.

“ಕಾಕಾ, ಇದ್ಯಾಕ್ರಿ ಹಿಂಗಾತು?”

“ಕಬ್ಬ ಕಡದು ನಾಕ ದಿನಾ ಬಿಸಲಾಗ ಬಿದ್ದಿತ್ತು. ಅದಕ್ಕ ನಿನ್ನ ಕೋಲು ಏನ್ ಮಾಡತೈತೊ?”

ಹೌದು. ಕಡಿದಿಟ್ಟ ಕಬ್ಬಿನಲ್ಲಿ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ, ಅಂಥ ಪಾಕ ಹರಳುಗಟ್ಟುವುದಿಲ್ಲ. ಅದನ್ನು ಯಾವ ಥರ್ಮೊಕಪಲ್ಲೂ ಕಾಣದು.

ಹೊಗೆದಾರಿಯ ಪ್ರೋಬ್

ಒಲೆಯ ಹೊಗೆ ಚಿಮಣಿಗೆ ಹೋಗುವ ದಾರಿಯಲ್ಲೂ ಒಂದು ಕೆ ಟೈಪ್ ಇತ್ತು. ಒಲೆಗೆ ಕಬ್ಬಿನ ಸಿಪ್ಪೆ ಹಾಕುವವರು ಅದನ್ನು ನೋಡಿ ಬೆಂಕಿ ಹೆಚ್ಚು ಕಡಿಮೆ ಮಾಡುತ್ತಿದ್ದರು. ಕಿತ್ತು ಬಿಚ್ಚಿದರೆ ಪ್ಲಸ್ ಎಳೆಯ ಮೈಮೇಲೆ ಹಸಿರು ಬೂಷ್ಟಿನಂಥ ಪದರ, ಅದಕ್ಕೆ ಅಯಸ್ಕಾಂತವೂ ಹತ್ತುತ್ತಿದೆ. ಗಾಳಿ ಸಾಲದ ಬೆಂಕಿಯಲ್ಲಿ, 800 ಡಿಗ್ರಿ ಮೇಲೆ, ಕ್ರೋಮೆಲ್‌ನೊಳಗಿನ ಕ್ರೋಮಿಯಂ ಮಾತ್ರ ಆಕ್ಸಿಡೈಜ್ ಆಗಿ ಹೀಗಾಗುತ್ತದೆ. ಲೆಕ್ಕ ಕ್ರಮೇಣ ಕೆಳಗಿಳಿಯುತ್ತದೆ, ಬೆಂಕಿ ಸಾಲದು ಎಂದು ಸಿಪ್ಪೆ ಸುರಿಯುವುದು ಹೆಚ್ಚುತ್ತದೆ.

ಇಂಥ ಹಳೆಯ ಪ್ರೋಬನ್ನು ಹೊರಗೆ ತೆಗೆದು ಕುದಿನೀರಿನಲ್ಲಿ ಪರೀಕ್ಷೆ ಮಾಡಬೇಡಿ. ವೋಲ್ಟೇಜ್ ಹುಟ್ಟುವುದು ಇಳಿಜಾರಿನ ಜಾಗದಲ್ಲಿ ಅಂದೆನಲ್ಲ. ಪಾತೇಲಿಯಲ್ಲಿ ಆ ಇಳಿಜಾರು ಬೀಳುವುದು ತಂತಿಯ ಬೇರೆ ಭಾಗದ ಮೇಲೆ. ಕೆಟ್ಟ ಭಾಗ ಪರೀಕ್ಷೆಗೇ ಕೂರುವುದಿಲ್ಲ, ಪ್ರೋಬ್ ಪಾಸಾಗಿ ಮತ್ತೆ ಒಲೆಗೆ ಹೋಗಿ ಸುಳ್ಳು ಹೇಳುತ್ತದೆ. ಹಳೆಯದು ಇದ್ದಲ್ಲೇ ಇರಲಿ, ಪಕ್ಕದಲ್ಲಿ ಅಷ್ಟೇ ಆಳಕ್ಕೆ ಹೊಸದನ್ನು ತೂರಿಸಿ ಎರಡನ್ನೂ ಹೋಲಿಸಬೇಕು. ನಾನು ಅಷ್ಟೂ ಮಾಡಲಿಲ್ಲ, ಹಸಿರು ಕಂಡದ್ದೇ ಸಾಕಾಗಿ ಹೊಸದು ಹಾಕಿದೆ.

ಕೋಲಿನ ಮೇಲೆ ಈಗ ಎರಡು ಚೀಟಿ ಅಂಟಿಸಿದ್ದೇನೆ. ಒಂದು: ಪ್ರತಿ ಕೊಪ್ಪರಿಗೆ ಆದ ಮೇಲೆ ಮೂಗನ್ನು ಬಿಸಿನೀರಿನಲ್ಲಿ ತೊಳೆಯಿರಿ. ಒಣಗಿದ ಪಾಕದ ಅಂಗಿ ತೊಟ್ಟ ಪ್ರೋಬ್ ನಿಧಾನವಾಗುತ್ತದೆ, ಕೊನೆಯ ಹಂತದಲ್ಲಿ ಪಾಕ ಅದಕ್ಕೆ ಕಾಯುವುದಿಲ್ಲ. ಎರಡು: ಹಂಗಾಮಿನ ಮೊದಲು ಐಸು, ಕುದಿನೀರು ಎರಡರಲ್ಲೂ ನೋಡಿ, ಅರ್ಧ ಡಿಗ್ರಿಗಿಂತ ಹೆಚ್ಚು ಸರಿದಿದ್ದರೆ ಪ್ರೋಬ್ ಬದಲಿಸಿ, ಸೆಟ್ಟಿಂಗ್ ಮುಟ್ಟಬೇಡಿ.